ಗುಂಡಿ ಪಕ್ಕದ ಎರಡು ಕ್ಯಾಮೆರಾ

ನಾನು ಒಂದು ಕೆಲಸಕ್ಕೆ ಕೈ ಹಾಕಿದರೆ ಅದು ಇನ್ನೊಂದಾಗಿ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಇದು ಯಾರಿಗೂ ಹೊಸದಲ್ಲ. ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆಂದು ಹೊರಟು ರವಿಕೆ ಹೊಲಿಯುವುದನ್ನು ಕಲಿತು ಬಂದವಳು ನಾನು. ಹಾಗಾಗಿ ನಲವತ್ತಾರನೇ ವಯಸ್ಸಿನಲ್ಲಿ, ಸಿನಿಮಾ ಮಾಡುತ್ತೇನೆ, ಕ್ಯಾಮೆರಾ ಕೊಳ್ಳಬೇಕು ಎಂದಾಗ ಯಾರೂ ಗಾಬರಿಯಾಗಲಿಲ್ಲ. ಇದು ಏನಾಗಿ ಮುಗಿಯುತ್ತದೋ ನೋಡೋಣ ಎಂದು ಕಾದರು.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮನೆ ಹೂಟಗಳ್ಳಿ ಕಡೆ. ಮನೆ ಮುಂದಿನ ರಸ್ತೆಯಲ್ಲೊಂದು ಗುಂಡಿ. ಮೂರು ವರ್ಷದ ಹಿಂದೆ ನಮ್ಮತ್ತೆ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡದ್ದು ಅಲ್ಲೇ. ಅವತ್ತಿನಿಂದ ನಮ್ಮ ಮಾವ, ಫ್ಯಾಕ್ಟರಿಯಿಂದ ನಿವೃತ್ತರಾದವರು, ದಿನಾ ಸಂಜೆ ಗುಂಡಿ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಬರುವ ಗಾಡಿಗಳಿಗೆಲ್ಲ ಕೈ ಎತ್ತಿ ‘ನಿಧಾನ, ನಿಧಾನ’ ಎನ್ನುತ್ತಾರೆ. ನಗರಸಭೆಗೆ ಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ಅವರನ್ನು ಹಾಗೆ ನೋಡಿದಾಗಲೆಲ್ಲ ನಾನು ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಇದನ್ನೊಂದು ಹತ್ತು ನಿಮಿಷದ ಸಿನಿಮಾ ಮಾಡದೆ ನನಗೆ ನೆಮ್ಮದಿಯಿಲ್ಲ ಅನ್ನಿಸಿತು. ಕೈಯಲ್ಲಿದ್ದದ್ದು ಒಂದು ಚೀಟಿ ಎತ್ತಿದ ದುಡ್ಡು ಅಷ್ಟೇ.

ಬರೀ ಬಾಡಿ

ಮೊದಲು ಹೋದದ್ದು ದೊಡ್ಡ ಅಂಗಡಿಗೆ. ಅಂಗಡಿಯವರು ನನ್ನನ್ನು ಬಿಟ್ಟು ನನ್ನ ಗಂಡನನ್ನು, ಯಾವ ತರದ ಶೂಟಿಂಗ್ ಸಾರ್ ಎಂದು ಕೇಳಿದರು. ತಾನು ಸ್ಕೂಟರ್ ಓಡಿಸಿಕೊಂಡು ಬಂದವನು, ಅವರನ್ನು ಕೇಳಿ ಎಂದರು ಇವರು. ಆಗ ಅಂಗಡಿಯವರು ನನ್ನ ಕಡೆ ತಿರುಗಿ, ಅಡುಗೆ ಚಾನೆಲ್ಲಾ ಮೇಡಂ ಎಂದರು. ಅಲ್ಲ, ಸಿನಿಮಾ ಎಂದೆ. ಸ್ವಲ್ಪ ಯೋಚಿಸಿ, ಅಡುಗೆ ಸಿನಿಮಾನಾ ಎಂದರು.

ಕೊನೆಗೆ ಒಂದು ಕ್ಯಾಮೆರಾ ತೋರಿಸಿ ಬೆಲೆ ಹೇಳಿದರು. ಚೌಕಾಸಿ ಮಾಡಿದರೆ ನನ್ನ ದುಡ್ಡಿಗೆ ಹತ್ತಿರವೇ ಇತ್ತು. ಖುಷಿಯಿಂದ ಬ್ಯಾಗಿಗೆ ಕೈ ಹಾಕುವಷ್ಟರಲ್ಲಿ, ಇದು ಬರೀ ಬಾಡಿ ರೇಟು, ಲೆನ್ಸು ಬೇರೆ ಎಂದರು. ಲೆನ್ಸಿಗೆ ಇನ್ನೂ ಅಷ್ಟೇ ದುಡ್ಡು. ಆಗ ನನ್ನ ಗಂಡ ಮಧ್ಯೆ ಬಾಯಿ ಹಾಕಿದರು.

“ಬರೀ ಬಾಡಿ ತಗೊಂಡೋಗಿ ನಾವೇನ್ ಮಾಡೋಣ ಸ್ವಾಮಿ? ಜೀವ ಇರೋದ್ ಕೊಡಿ.”

ಅತ್ತೆಯ ಪರೀಕ್ಷೆ

ಲ್ಯಾಬಿನ ಸಹೋದ್ಯೋಗಿಯೊಬ್ಬರು, ಕೊಂಡರೆ ಫೋರ್ ಕೆ ಕೊಳ್ಳಿ, ಎಲ್ಲ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ ಎಂದು ತಮ್ಮ ತಮ್ಮನ ದುಬಾರಿ ಕ್ಯಾಮೆರಾವನ್ನು ಒಂದು ಭಾನುವಾರಕ್ಕೆ ಕೊಟ್ಟರು. ಅತ್ತೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುವುದನ್ನು ತೆಗೆದು ಟಿವಿಗೆ ಹಾಕಿದೆ. ನಿಜಕ್ಕೂ ಎಲ್ಲ ಕಂಡಿತು. ಬಾಗಿಲ ಮೂಲೆಯ ಜೇಡರ ಬಲೆ, ಸೊಪ್ಪಿನ ಹುಳ, ಅತ್ತೆಯ ಗದ್ದದ ಮೇಲಿನ ಎರಡು ಕೂದಲು. ಅತ್ತೆ ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

“ಇಷ್ಟೊಂದು ಕಾಣೋದ್ ಬೇಡ ಕಣಮ್ಮ. ನಿಮ್ಮಾವ ಐವತ್ತು ವರ್ಷದಿಂದ ನೋಡ್ದೇ ಇದ್ದಿದ್ದೆಲ್ಲ ಕಾಣ್ತಾ ಐತೆ.”

ಗ್ಯಾರಂಟಿ

ನನ್ನ ದುಡ್ಡಿಗೂ ಅತ್ತೆಯ ಮರ್ಯಾದೆಗೂ ಹೊಂದುವಂಥದ್ದು ಸಿಕ್ಕಿದ್ದು ನಜರ್‌ಬಾದಿನ ಹಳೇ ಸ್ಟುಡಿಯೊದಲ್ಲಿ. ಅಲ್ಲಿನ ಯಜಮಾನರು ಮದುವೆ ವಿಡಿಯೊ ತೆಗೆದೇ ತಲೆ ನೆರೆಸಿಕೊಂಡವರು. ತಾವು ಬಳಸಿದ ಅಂಗೈಯಗಲದ ಕ್ಯಾಮೆರಾ ಒಂದನ್ನು ಲೆನ್ಸು, ಬ್ಯಾಟರಿ ಎಲ್ಲ ಸೇರಿಸಿ ನಾನು ಕೊಡಬಲ್ಲ ಬೆಲೆಗೇ ಕೊಟ್ಟರು. ಜೊತೆಗೆ, ಹೆಗಲ ಮೇಲೆ ಹೊರುವ ಹಳೇ ಕ್ಯಾಸೆಟ್ ಕ್ಯಾಮೆರಾವೊಂದನ್ನು ಪುಕ್ಕಟೆ ಕೊಟ್ಟು, ಇದು ಕೆಟ್ಟು ಎಷ್ಟೋ ಕಾಲವಾಯಿತು, ಶೋಕೇಸಿನಲ್ಲಿಡಿ ಎಂದರು. ಚಿಕ್ಕದಕ್ಕಾದರೂ ಗ್ಯಾರಂಟಿ ಏನಾದರೂ ಉಂಟಾ ಎಂದು ಕೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

“ಇದ್ರಲ್ಲಿ ತೆಗೆದ ಮದ್ವೆ ಇದುವರ್ಗೂ ಒಂದೂ ಮುರಿದಿಲ್ಲ ಕಣಮ್ಮ.”

ಯಾವ ಚಾನೆಲ್ಲು

ಶೂಟಿಂಗ್ ಶುರುವಾದ ದಿನ ಹೊಸ ತಲೆನೋವು. ಗಾಡಿಯಲ್ಲಿ ಹೋಗುವವರೆಲ್ಲ ಮಾವನನ್ನು ಬಿಟ್ಟು ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಿದ್ದರು. ಒಬ್ಬರಂತೂ ಕೂದಲು ಬಾಚಿಕೊಂಡು ಎರಡನೇ ಸಲ ಬಂದರು. ಆಗ ನನ್ನ ಗಂಡನಿಗೆ ಬುದ್ಧಿ ಓಡಿತು. ಕೆಟ್ಟ ದೊಡ್ಡ ಕ್ಯಾಮೆರಾವನ್ನು ಹೆಗಲಿಗೇರಿಸಿ ರಸ್ತೆಯ ಆ ಬದಿ ನಿಂತರು. ಬಂದವರೆಲ್ಲ ಅದಕ್ಕೇ ಪೋಸು ಕೊಟ್ಟರು. ಕಾಂಪೌಂಡಿನ ಸಂದಿಯಿಂದ ಚಿಕ್ಕದರಲ್ಲಿ ನಾನು, ಮಾವನನ್ನು ಅವರ ಪಾಡಿಗೆ ಬಿಟ್ಟು, ತೆಗೆದೆ. ನಾಲ್ಕು ಸಂಜೆ ತೆಗೆದದ್ದು ಎಷ್ಟು ಚೆನ್ನಾಗಿ ಬಂತೆಂದರೆ, ನೋಡಿ ನಾನೇ ಅತ್ತುಬಿಟ್ಟೆ.

ಉಳಿದಿದ್ದು ಕೊನೆಯ ದೃಶ್ಯ. ಮಾವ ಕುರ್ಚಿಯಲ್ಲೇ ತೂಕಡಿಸುತ್ತಾರೆ. ಹಾದುಹೋಗುವ ಹೆಂಗಸೊಬ್ಬಳು ಅದನ್ನು ನೋಡಿ ನಿಂತು, ಅವರ ಬದಲು ತಾನೇ ಗಾಡಿಗಳಿಗೆ ಕೈ ಎತ್ತುತ್ತಾಳೆ. ಇಡೀ ಸಿನಿಮಾ ನಿಂತಿದ್ದೇ ಅದರ ಮೇಲೆ.

ನಾಲ್ಕನೇ ಸಂಜೆ ಯಾರೋ ನಗರಸಭೆಯವರು ಬೈಕಿನಲ್ಲಿ ಬಂದು, ಗುಂಡಿಯನ್ನೂ ದೊಡ್ಡ ಕ್ಯಾಮೆರಾವನ್ನೂ ನೋಡಿ, ಯಾವ ಚಾನೆಲ್ಲು ಎಂದು ಕೇಳಿದರಂತೆ. ನನ್ನ ಗಂಡ ಗಂಭೀರವಾಗಿ, ಅದೆಲ್ಲ ಈಗಲೇ ಹೇಳುವಂತಿಲ್ಲ ಎಂದರಂತೆ. ಮಾರನೇ ಬೆಳಿಗ್ಗೆ ಡಾಂಬರಿನ ವಾಸನೆಗೆ ನನಗೆ ಎಚ್ಚರವಾಯಿತು. ಓಡಿಬಂದು ನೋಡಿದರೆ, ಮೂರು ವರ್ಷದಲ್ಲಿ ಒಂದು ಬುಟ್ಟಿ ಜಲ್ಲಿ ಕಾಣದ ಗುಂಡಿಯ ಮೇಲೆ ರೋಡ್ ರೋಲರ್ ಓಡಾಡುತ್ತಿತ್ತು. ಅತ್ತೆ ಕೈ ಮುಗಿದು ನಿಂತಿದ್ದರು. ನನ್ನ ಸಿನಿಮಾ ಹೋಯಿತಲ್ಲ ಎಂದು ನನಗೆ ಅಳು, ರಸ್ತೆ ಆಯಿತಲ್ಲ ಎಂದು ನಗು, ಎರಡೂ ಒಟ್ಟಿಗೇ ಬಂದವು.

ಸಂಜೆ ಮಾವ ಅಭ್ಯಾಸಬಲದಿಂದ ಕುರ್ಚಿ ತಂದು ಅಲ್ಲೇ ಕೂತರು. ಗಾಡಿಗಳು ಸಲೀಸಾಗಿ ಹೋದವು, ಅವರು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಅಷ್ಟರಲ್ಲಿ ಹಿಂದಿನ ರಸ್ತೆಯ ಟೀಚರಮ್ಮ ಬಂದು, ತಮ್ಮ ಮನೆ ಮುಂದೆ ಇದಕ್ಕಿಂತ ಆಳವಾದ, ಇನ್ನೂ ಒಳ್ಳೆಯ ಗುಂಡಿಯಿದೆ, ಶೂಟಿಂಗ್ ಅಲ್ಲಿ ಮಾಡಬಹುದಾ ಎಂದು ಕೇಳಿದರು. ಮಾವ ಸುಳ್ಳು ಹೇಳುವವರಲ್ಲ. ದೊಡ್ಡ ಕ್ಯಾಮೆರಾ ಓಡುವುದಿಲ್ಲ, ಸಿನಿಮಾ ತೆಗೆಯುವುದೆಲ್ಲ ಚಿಕ್ಕದರಲ್ಲಿ ಎಂದು ಇದ್ದದ್ದು ಇದ್ದಹಾಗೆ ಹೇಳಿಬಿಟ್ಟರು. ಗುಟ್ಟು ರಟ್ಟಾಯಿತು ಎಂದು ನಾನು ನಾಲಿಗೆ ಕಚ್ಚಿಕೊಂಡೆ. ಟೀಚರಮ್ಮ ಸ್ವಲ್ಪವೂ ವಿಚಲಿತರಾಗಲಿಲ್ಲ. ಮಾವ ಆಗಲೇ ಕುರ್ಚಿ ಎತ್ತಿಕೊಂಡು ಹೊರಟು ನಿಂತಿದ್ದರು.

“ಮೊದ್ಲು ಚಿಕ್ಕದ್ರಲ್ಲಿ ನಿಮ್ ಸಿನಿಮಾ ಮುಗಿಸ್ಕೊಂಬುಡಿ ಮೇಡಂ,” ಎಂದರು ಟೀಚರಮ್ಮ, “ಆಮೇಲೆ ದೊಡ್ಡದ್ರಲ್ಲಿ ನಮ್ ರಸ್ತೆ ಮುಗಿಸ್ಕೊಡಿ.”