ಮರಕ್ಕೊಂದೇ ಚಕ್ಕೋತ

ಪತ್ರಿಕೆಗೆ ಸುದ್ದಿ ಬರೆದು ಬದುಕುವವನಿಗೆ ಇವತ್ತು ಎಂಬ ದಿನ ಇರುವುದಿಲ್ಲ. ಬೆಳಿಗ್ಗೆ ಕಣ್ಣೆದುರು ನಡೆದ ಸಭೆಯನ್ನು ಅವನು ಮಧ್ಯಾಹ್ನ ಕೂತು ‘ನಿನ್ನೆ ನಡೆಯಿತು’ ಎಂದು ಬರೆಯುತ್ತಾನೆ. ಓದುವವನ ಕೈಗೆ ಅದು ಸಿಕ್ಕುವುದು ನಾಳೆ. ದೇವನಹಳ್ಳಿಯಿಂದ ಬೆಂಗಳೂರಿನ ದಿನಪತ್ರಿಕೆಯೊಂದಕ್ಕೆ ಹನ್ನೆರಡು ವರ್ಷ ಹೀಗೆ ಬರೆದ ಮೇಲೆ ಇದು ನನ್ನ ಸ್ವಭಾವಕ್ಕೂ ಅಂಟಿಕೊಂಡಿದೆ. ಮಧ್ಯಾಹ್ನ ಮುದ್ದೆ ಮುರಿಯುತ್ತಾ ರಾತ್ರಿಗೆ ಏನು ಸಾರು ಎಂದು ಕೇಳುತ್ತೇನೆ. ಯುಗಾದಿಯ ಎಣ್ಣೆ ನೆತ್ತಿಯಲ್ಲಿ ಹಸಿಯಾಗಿರುವಾಗಲೇ ಪಂಚಾಂಗ ತೆಗೆದು ಗೌರಿ ಹಬ್ಬ ಯಾವ ವಾರ ಎಂದು ನೋಡುತ್ತೇನೆ. “ಬಾಯಲ್ಲಿರೋ ತುತ್ತು ಮೊದ್ಲು ನುಂಗಿ” ಎಂದು ನನ್ನ ಹೆಂಡತಿ ಚೆನ್ನಮ್ಮ ಹೇಳುತ್ತಾಳೆ. ನುಂಗುತ್ತೇನೆ. ಅದರ ರುಚಿ ಹೇಗಿತ್ತೆಂದು ಕೇಳಿದರೆ ಮಾತ್ರ ಉತ್ತರ ಹೊಳೆಯುವುದಿಲ್ಲ.

ಈ ಗುಣ ವೃತ್ತಿಯಿಂದ ಬಂತೋ ರಕ್ತದಿಂದ ಬಂತೋ ಖಚಿತವಾಗಿ ಹೇಳಲಾರೆ. ತೂಬಗೆರೆಯಲ್ಲಿ ನನ್ನ ಚಿಕ್ಕಪ್ಪ ಹೆಂಚಿನ ಮನೆ ಕಟ್ಟಿಸಿದಾಗ ಮಹಡಿಗೆ ಕೈ ಸಾಲಲಿಲ್ಲ. “ಮಹಡಿ ಮುಂದೆ ಕಟ್ಸಿದ್ರಾಯ್ತು, ಮೆಟ್ಲಾದ್ರೂ ಈಗ್ಲೇ ಇರ್ಲಿ” ಎಂದು ಹೊರಗೋಡೆಗೆ ಹದಿನಾರು ಕಲ್ಲಿನ ಮೆಟ್ಟಿಲು ಹಾಕಿಸಿದರು. ಮಹಡಿ ಈವರೆಗೆ ಬಂದಿಲ್ಲ. ಮೆಟ್ಟಿಲು ಹತ್ತಿದವನು ಹದಿನಾರನೆಯದರ ಮೇಲೆ ನಿಂತು ಆಕಾಶ ನೋಡಿ ಇಳಿಯಬೇಕು. ಮೇಲಿನ ಮೆಟ್ಟಿಲುಗಳಲ್ಲಿ ಚಿಕ್ಕಮ್ಮ ಮೆಣಸಿನಕಾಯಿ ಒಣಗಿಸುತ್ತಾರೆ. ನಾಲ್ಕನೆಯದರ ಮೇಲೆ ಸಂಜೆ ಚಿಕ್ಕಪ್ಪ ಕೂತು ಎಲೆಅಡಿಕೆ ಹಾಕುತ್ತಾ ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಾರೆ. ಅವರಷ್ಟು ಸುಖವಾಗಿರುವ ಮನುಷ್ಯರನ್ನು ನಾನು ಮಹಡಿ ಇರುವ ಮನೆಗಳಲ್ಲಿ ಕಂಡಿಲ್ಲ. ಇದರಿಂದ ನಾನೊಂದು ಪಾಠ ಕಲಿಯಬಹುದಾಗಿತ್ತು. ಕಲಿಯಲಿಲ್ಲ.

ನನ್ನ ಆಸೆ ಮಹಡಿಯಷ್ಟು ದೊಡ್ಡದೇನಲ್ಲ. ನಮ್ಮ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗಬೇಕು, ಒಂದೇ ಒಂದು ಸಲ. ಪತ್ರಿಕೆಯವನಿಗೆ ಇದೆಂಥ ಆಸೆ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಊರಿನ ಬಾತ್ಮೀದಾರ ಕಳಿಸಿದ ಸುದ್ದಿಯ ಮೇಲೆ ಇರುವುದು ‘ನಮ್ಮ ಬಾತ್ಮೀದಾರರಿಂದ’ ಎಂಬ ಎರಡು ಮಾತು. ಸಂತೆಯಲ್ಲಿ ಎತ್ತು ಕಳೆದುಕೊಂಡವನ ಹೆಸರು ಬರುತ್ತದೆ, ಹುಡುಕಿಕೊಟ್ಟವನ ಹೆಸರು ಬರುತ್ತದೆ. ಒಂದು ಸಲ ಎತ್ತಿನ ಹೆಸರೂ ಬಂದಿತ್ತು. ಬರೆದವನದು ಬರುವುದಿಲ್ಲ. ಊರಿನಲ್ಲೂ ನಾನು ‘ಪೇಪರ್ ಗೌಡ್ರು’. ಅಂಚೆಯವನಿಗೂ ನನ್ನ ಹೆಸರು ನೆನಪಿದೆಯೋ ಇಲ್ಲವೋ, ಸಂದೇಹ.

ಹೀಗಿರುವಾಗ ಒಂದು ವರ್ಷ, ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಕಾಲ, ತೋಟಗಾರಿಕೆಯ ಅಧಿಕಾರಿಯೊಬ್ಬರು ಬಂದು ನಮ್ಮೂರಿನ ರೈತರ ಮುಂದೆ ಭಾಷಣ ಮಾಡಿದರು. ಚಕ್ಕೋತದ ಮರದಲ್ಲಿ ಒಂದೇ ಕಾಯಿ ಉಳಿಸಿ ಮಿಕ್ಕಿದ್ದನ್ನು ಎಳೆಯದರಲ್ಲೇ ತೆಗೆದುಹಾಕಿದರೆ ಮರದ ಸತ್ವವೆಲ್ಲ ಆ ಒಂದಕ್ಕೇ ಇಳಿದು ಹಣ್ಣು ಅಸಾಧಾರಣ ಗಾತ್ರಕ್ಕೆ ಬರುತ್ತದೆಂದೂ, ಅಂಥ ಹಣ್ಣಿಗೆ ಬೆಂಗಳೂರಿನ ಪ್ರದರ್ಶನದಲ್ಲಿ ಬಹುಮಾನ ಖಂಡಿತವೆಂದೂ, ಗೆದ್ದವರ ಹೆಸರು ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆಂದೂ ಹೇಳಿದರು. ರೈತರು ಆಕಳಿಸಿದರು. ನಾನು ಮೂರು ಪುಟ ಬರೆದು ಕಳಿಸಿದೆ. ಕಾಗದದ ಅಭಾವದಿಂದ ಅದು ನಾಲ್ಕು ಸಾಲಾಗಿ ಬಂತು. ಒಂದೇ ಕಾಯಿಯ ವಿಚಾರ ಅದರಲ್ಲಿರಲಿಲ್ಲ. ಹೀಗಾಗಿ ಆ ಗುಟ್ಟು ತಾಲ್ಲೂಕಿನಲ್ಲಿ ನನ್ನೊಬ್ಬನ ಬಳಿಯೇ ಉಳಿಯಿತು.

ನಮ್ಮ ಹಿತ್ತಲಿನ ಬಾವಿಯ ಪಕ್ಕದಲ್ಲಿ ಒಂದು ಚಕ್ಕೋತದ ಮರವಿದೆ. ತೊಳೆ ಕೆಂಪು, ಮೊದಲು ಹುಳಿ ತೋರಿ ಆಮೇಲೆ ಸಿಹಿ ಕೊಡುವ ಜಾತಿ. ಆ ವರ್ಷ ಇಪ್ಪತ್ತಮೂರು ಕಾಯಿ ಕಚ್ಚಿತ್ತು. ಅವು ನಿಂಬೆಯ ಗಾತ್ರಕ್ಕೆ ಬಂದಾಗ ಏಣಿ ಹಾಕಿ ಇಪ್ಪತ್ತೆರಡನ್ನು ಕಿತ್ತೆ. ಚೆನ್ನಮ್ಮ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನೂಂದ್ರೆ, ತಲೆ ನೆಟ್ಟಗಿದೆಯಾ? ಬಿಡೋ ಮರಾನ ಯಾರಾದ್ರೂ ಹಿಂಗೆ ಬೋಳಿಸ್ತಾರಾ?”

“ಒಂದೇ ಒಂದು, ಕೊಳದಪ್ಪಲೆಯಷ್ಟು ದಪ್ಪ ಬರುತ್ತೆ ಕಣೆ.”

“ವರ್ಷಾ ವರ್ಷಾ ಎಂಟು ಮನೆಗೆ ಹಂಚ್ತಿದ್ದೆ. ಈ ಸಲ ಅವರಿಗೆಲ್ಲ ಏನು, ಸಿಪ್ಪೆ ಕೊಡ್ಲಾ?”

“ಹೆಸರು ಬರುತ್ತೆ, ಸುಮ್ನಿರು.”

“ಯಾರ್ದು, ಮರದ್ದಾ?”

ನಾನು ಏಣಿ ಇಳಿದೆ. ಉಳಿದ ಒಂದು ಕಾಯಿ ನಿಜವಾಗಿಯೂ ಬೆಳೆಯಿತು. ಶ್ರಾವಣದ ಹೊತ್ತಿಗೆ ಅದರ ಭಾರಕ್ಕೆ ಕೊಂಬೆ ಬಾಗಿದ್ದರಿಂದ ನನ್ನ ಹಳೆಯ ಪಂಚೆಯೊಂದನ್ನು ಜೋಲಿಯಂತೆ ಕಟ್ಟಿ ಕಾಯಿಯನ್ನು ಅದರಲ್ಲಿ ಕೂರಿಸಿದೆ. ದಿನಾ ಬೆಳಿಗ್ಗೆ ದಾರ ಸುತ್ತಿ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡೆ.

ಆ ಶ್ರಾವಣದಲ್ಲೇ ನಮ್ಮ ಮಗಳು ಜಯ ಚೊಚ್ಚಲ ಹೆರಿಗೆಗೆಂದು ಸೂಲಿಬೆಲೆಯಿಂದ ಬಂದಳು. ಗಾಡಿಯಿಂದ ಇಳಿದವಳು ಕಾಲು ತೊಳೆದು ನೇರ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತು ಮರವನ್ನು ನೋಡಿ, “ಇದೇನಮ್ಮ, ಮರಕ್ಕೆ ಕಾಯಿಲೆ ಬಂದಿತ್ತಾ?” ಎಂದಳು.

“ಮರಕ್ಕಲ್ಲ, ನಿಮ್ಮಪ್ಪಂಗೆ” ಎಂದಳು ಚೆನ್ನಮ್ಮ.

ಜಯ ನನ್ನ ಕಡೆ ತಿರುಗಿದಳು. “ದಾರಿ ಉದ್ದಕ್ಕೂ ಅದನ್ನೇ ನೆನೆಸ್ಕೊಂಡು ಬಂದೆ ಕಣಪ್ಪ. ತೊಳೆ ಬಿಡಿಸಿ, ಉಪ್ಪು ಖಾರದಪುಡಿ ಹಾಕ್ಕೊಂಡು... ಎರಡು ತಿಂಗಳಿಂದ ನಾಲಿಗೆ ಅದನ್ನೇ ಕೇಳ್ತಾ ಇದೆ.”

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನು ನಂಬುವವನಲ್ಲ, ಆದರೂ ಮಾರನೆಯ ದಿನವೇ ಹಣ್ಣಿನ ಗುತ್ತಿಗೆಯ ಬಷೀರ್ ಸಾಬರಲ್ಲಿಗೆ ಹೋಗಿ ಆರಿಸಿ ಎರಡು ಹಣ್ಣು ತಂದೆ. ಜಯ ಎರಡು ತೊಳೆ ತಿಂದು ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿದಳು. “ಚೆನ್ನಾಗಿದೆ ಅಪ್ಪ. ನಮ್ಮ ಮರದ್ದಲ್ಲ, ಅಷ್ಟೆ.”

ನಾನು ಅವಳಿಗೆ ಮಾತು ಕೊಟ್ಟೆ. ಗೌರಿ ಹಬ್ಬ ಕಳೆದು ಮೂರನೆಯ ದಿನ ಪ್ರದರ್ಶನ. ಅದು ಮುಗಿದ ಮಾರನೆಯ ಬೆಳಿಗ್ಗೆ ಇಡೀ ಹಣ್ಣು ಅವಳದೇ. ಅವಳಿಗೆ ದಿನ ತುಂಬುವುದು ದೀಪಾವಳಿಗೆ. ಇಂದಿನ ಸುಖವನ್ನೂ ನಾಳೆಯ ಕೀರ್ತಿಯನ್ನೂ ಒಂದೇ ತೊಟ್ಟಿನಲ್ಲಿ ತೂಗಿಬಿಟ್ಟಿದ್ದೇನೆಂದು ನನಗೆ ನನ್ನ ಮೇಲೆಯೇ ಗೌರವ ಬಂತು.

ಗೌರಿ ಹಬ್ಬಕ್ಕೆ ವಾರವಿದೆ ಎನ್ನುವಾಗ ಬಷೀರ್ ಸಾಬರು ನಮ್ಮ ಹಿತ್ತಲಿಗೆ ಬಂದರು. ಮೂವತ್ತು ವರ್ಷದಿಂದ ಊರಿನ ಮರಗಳನ್ನು ಗುತ್ತಿಗೆ ಹಿಡಿದು ಹಣ್ಣು ಮಾರುವವರು. ಜೋಲಿ ಸರಿಸಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಟ್ಟರು.

“ಗೌಡ್ರೆ, ಇವತ್ತೇ ಇಳಿಸ್ಬಿಡಿ. ಅಲ್ಲಾ ಕಸಮ್, ಒಳಗೆ ಜೇನಿದೆ.”

“ಇನ್ನೂ ಬೆಳೀತಾ ಇದೆಯಲ್ಲ ಸಾಬ್ರೆ. ನಿನ್ನೆಗಿಂತ ಒಂದು ನೂಲು ಜಾಸ್ತಿ.”

“ಬೆಳೀತದೆ, ಯಾಕೆ ಬೆಳಿಯಲ್ಲ? ಹಣ್ಣಿಗೂ ಒಂದು ದಿನ ಅಂತ ಇರ್ತದೆ ಜೀ. ಅದು ದಾಟಿದ್ರೆ ಮೇಲೆ ಸೈಜು, ಒಳಗೆ ಬೆಂಡು.”

“ಪ್ರದರ್ಶನದಲ್ಲಿ ಕೊಯ್ದು ನೋಡಲ್ಲ. ಮೇಲೇನೇ ಅಳೀತಾರೆ.”

“ಹಂಗಾದ್ರೆ ಒಂದು ಫುಟ್‌ಬಾಲ್ ತಗೊಂಡೋಗಿ. ಹಣ್ಣು ನಿಮ್ಮ ಬಸುರಿ ಬೇಟಿಗೆ ಕೊಡಿ.”

ಅವರು ನಗದೆ ಹೇಳಿದರು, ನಾನೂ ನಗಲಿಲ್ಲ. ಒಂದು ವಾರಕ್ಕೆ ಏನಾಗುತ್ತದೆ ಎಂದುಕೊಂಡೆ. ಆದರೆ ಹಬ್ಬದ ಹಿಂದಿನ ದಿನ ಬಂದ ಪತ್ರಿಕೆಯಲ್ಲಿ ಒಳಪುಟದ ಮೂಲೆಯಲ್ಲಿ ಎರಡು ಸಾಲು: ಸಭಾಂಗಣವು ಬೇರೆ ಕೆಲಸಕ್ಕೆ ಬೇಕಾಗಿರುವುದರಿಂದ ಹಣ್ಣುಹೂವಿನ ಪ್ರದರ್ಶನವನ್ನು ದಸರಾ ಮುಗಿದ ನಂತರಕ್ಕೆ ಮುಂದೂಡಲಾಗಿದೆ. ನಾನು ಅದನ್ನು ಎರಡು ಸಲ ಓದಿದೆ. ಜಯಳಿಗೂ ಓದಿ ಹೇಳಿದೆ. “ಹೋಗ್ಲಿ ಬಿಡಪ್ಪ, ಆಗ್ಲೂ ಇನ್ನೂ ದೀಪಾವಳಿ ಬಂದಿರಲ್ವಲ್ಲ” ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಮೊದಮೊದಲು ಅವಳು ದಿನಾ “ಅಪ್ಪಾ, ಇನ್ನೆಷ್ಟು ದಿನ?” ಎಂದು ಕೇಳುತ್ತಿದ್ದಳು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ. ಕೇಳುವುದನ್ನು ಪೂರ್ತಿ ನಿಲ್ಲಿಸಿದ್ದು ಯಾವ ದಿನ ಎಂದು ನಾನು ಗುರುತು ಹಾಕಿಕೊಂಡಿಲ್ಲ. ನನ್ನ ಪುಸ್ತಕದಲ್ಲಿ ಇರುವುದು ಹಣ್ಣಿನ ಸುತ್ತಳತೆ ಮಾತ್ರ. ಅದು ಒಂದು ದಿನವೂ ತಪ್ಪಿಲ್ಲ.

ಸೂಲಗಿತ್ತಿಯ ಅಂದಾಜು ತಪ್ಪಿತು. ವಿಜಯದಶಮಿಯ ಮಾರನೆಯ ದಿನ ಬೆಳಿಗ್ಗೆ ಜಯ ಗಂಡು ಮಗುವನ್ನು ಹೆತ್ತಳು. ತಾಯಿ ಮಗು ಇಬ್ಬರೂ ಕ್ಷೇಮ. ಸಂತೋಷವಾಯಿತು, ಜೊತೆಗೆ, ಪ್ರದರ್ಶನಕ್ಕೆ ಇನ್ನು ಐದು ದಿನ ಎಂಬುದೂ ಮನಸ್ಸಿನಲ್ಲಿ ಹಾದುಹೋಯಿತೆಂದು ದಾಖಲೆಗಾಗಿ ಹೇಳಬೇಕು. ಚೆನ್ನಮ್ಮ ಬಿಸಿನೀರಿನ ಹಂಡೆ ತುಂಬುತ್ತಿದ್ದವಳು ನನ್ನ ಮುಖ ನೋಡಿದಳು.

“ಇನ್ನು ನಿಮ್ಮ ಹಣ್ಣಿಗೆ ಯಾರ ಕಾಟಾನೂ ಇಲ್ಲ. ಬಾಣಂತಿಗೆ ಹುಳಿ ಆಗಲ್ಲ, ತಂಪು ಆಗಲ್ಲ. ಮೂರು ತಿಂಗಳು ಅವಳ ಕಣ್ಣಿಗೂ ತೋರಿಸೋಹಂಗಿಲ್ಲ.”

ಇಷ್ಟು ದಿನ ಈ ಒಂದು ಸಂಗತಿ ನನಗೆ ಹೊಳೆದಿರಲಿಲ್ಲ. ದಿನಾಂಕಗಳನ್ನು ನಾನು ಸರಿಯಾಗಿ ಜೋಡಿಸಿದ್ದೆ. ಮೆಣಸು ಬೆಳ್ಳುಳ್ಳಿಯ ಪಥ್ಯವನ್ನು ಮರೆತಿದ್ದೆ.

ಪ್ರದರ್ಶನದ ದಿನ ಹಣ್ಣನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯ ಮೇಲೆ ಓಡುವ ಬಸ್ಸು; ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು. ನಾನು ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಕುಂದಾಣದ ಅಜ್ಜಿಯೊಬ್ಬಳು ಬಟ್ಟೆಯ ಗಂಟನ್ನೇ ನೋಡುತ್ತಿದ್ದವಳು ದನಿ ತಗ್ಗಿಸಿ ಕೇಳಿದಳು:

“ಎಷ್ಟು ದಿನದ ಮಗ ಸಾಮಿ?”

“ಮಗು ಅಲ್ಲಮ್ಮ, ಚಕ್ಕೋತದ ಹಣ್ಣು.”

“ಅಯ್ಯೋ ನಿನ್ನ! ನಾನು ಆಗ್ಲಿಂದ ಉಸಿರು ಬಿಗಿ ಹಿಡ್ಕೊಂಡು ಕೂತಿದೀನಿ, ಎದ್ದುಗಿದ್ದೀತು ಅಂತ. ಮನೇಲಿ ಮಕ್ಕಳುಮರಿ ಇಲ್ವಾ?”

ಐದು ದಿನದ ಮೊಮ್ಮಗನಿದ್ದಾನೆ ಎಂದೆ. ಅವಳು ಒಂದು ಸಲ ನನ್ನನ್ನೂ ಒಂದು ಸಲ ಗಂಟನ್ನೂ ನೋಡಿ, ಕಿಟಕಿಯ ಕಡೆ ತಿರುಗಿಕೊಂಡಳು.

ಬಹುಮಾನ ಬಂತು. ಮೊದಲನೆಯದೇ. ತೀರ್ಪುಗಾರರು ಟೇಪು ಸುತ್ತಿ, ತಕ್ಕಡಿಯಲ್ಲಿಟ್ಟು, ತಲೆದೂಗಿದರು. ಗಾತ್ರಕ್ಕೆ ತಕ್ಕ ತೂಕವಿಲ್ಲವಲ್ಲ ಎಂದು ಒಬ್ಬರು ಗೊಣಗಿದ್ದನ್ನು ಉಳಿದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ನಮ್ಮ ಕಚೇರಿಗೆ ಹೋದೆ. ಹನ್ನೆರಡು ವರ್ಷದಿಂದ ನನ್ನ ಸುದ್ದಿಗಳನ್ನು ಕತ್ತರಿಸುತ್ತಾ ಬಂದ ಉಪಸಂಪಾದಕರು ಎದ್ದು ಕೈ ಕುಲುಕಿದರು. “ನಿಮಗಿಲ್ಲದ ಜಾಗವೇನ್ರೀ? ನಾನೇ ನೋಡ್ಕೋತೀನಿ, ನಿಶ್ಚಿಂತೆಯಿಂದ ಹೋಗಿ” ಎಂದರು. ಅವತ್ತು ಪರಿಚಿತರ ಮನೆಯಲ್ಲಿ ಉಳಿದು ಬೆಳಿಗ್ಗೆ ಪತ್ರಿಕೆ ಕೊಂಡು ತೆರೆದೆ. ಬಹುಮಾನಿತರ ಪಟ್ಟಿ ಇತ್ತು. ಸೀಬೆಯವರ ಹೆಸರಿತ್ತು, ಪರಂಗಿಯವರ ಹೆಸರಿತ್ತು. ಅವುಗಳ ನಡುವೆ: ‘ಚಕ್ಕೋತ, ಮೊದಲನೆಯ ಬಹುಮಾನ: ದೇವನಹಳ್ಳಿಯ ನಮ್ಮ ಬಾತ್ಮೀದಾರರು.’

ಮತ್ತೆ ಕಚೇರಿಗೆ ಹೋಗಿ ಕೇಳಿದೆ. ಉಪಸಂಪಾದಕರಿಗೆ ಆಶ್ಚರ್ಯವಾಯಿತು. “ನಿಮ್ಮ ಹೆಸರು ಹಾಕಿದ್ರೆ ಯಾರಿಗ್ರೀ ಗೊತ್ತಾಗುತ್ತೆ? ‘ನಮ್ಮ ಬಾತ್ಮೀದಾರರು’ ಅಂದ್ರೆ ನಾಡಿಗೆಲ್ಲ ಗೊತ್ತು. ಗೌರವ ಅಂತ ಹಾಕಿದ್ದು.” ಯೋಚಿಸಿ ನೋಡಿದೆ. ಅವರ ಕುರ್ಚಿಯಲ್ಲಿ ನಾನಿದ್ದಿದ್ದರೆ ನಾನೂ ಹಾಗೆಯೇ ಹಾಕುತ್ತಿದ್ದೆ. ಪ್ರದರ್ಶನ ಮುಗಿಯುವವರೆಗೆ ಹಣ್ಣನ್ನು ಕೊಡುವುದಿಲ್ಲ ಎಂದದ್ದರಿಂದ ಇನ್ನೂ ಎರಡು ದಿನ ಕಾದು, ಅದನ್ನು ತೆಗೆದುಕೊಂಡು ಊರಿಗೆ ಬಂದೆ. ಬರುವಾಗ ಏರುಗಳಲ್ಲಿ ಇಳಿದು ಬಸ್ಸು ನೂಕಿದೆ.

ಮಧ್ಯಾಹ್ನ ನಡುಮನೆಯಲ್ಲಿ ಚೆನ್ನಮ್ಮ ಈಳಿಗೆಮಣೆ ಹಾಕಿ ಕೂತು ಹಣ್ಣು ಕೊಯ್ದಳು. ಸಿಪ್ಪೆಯೇ ಅಂಗೈ ದಪ್ಪ. ಅದರೊಳಗೆ, ಸಾಧಾರಣ ಹಣ್ಣಿಗಿಂತ ಚಿಕ್ಕದಾದ ಒಂದು ತಿರುಳಿನ ಉಂಡೆ. ತೊಳೆಯ ಕೆಂಪು ಹಾಗೇ ಇತ್ತು, ರಸವಿರಲಿಲ್ಲ. ಅವಳು ಒಂದು ತೊಳೆ ಬಿಡಿಸಿ ನನ್ನ ಕೈಯಲ್ಲಿಟ್ಟಳು. ಬಾಯಿಗೆ ಹಾಕಿಕೊಂಡೆ. ಒಣಗಿದ ಜೋಳದ ದಂಟು ಅಗಿದಂತಾಯಿತು.

ಬಾಣಂತಿಯ ಕೋಣೆಯಿಂದ, ಸಾಂಬ್ರಾಣಿ ಹೊಗೆಯ ಆಚೆಯಿಂದ ಜಯ ಕೇಳಿದಳು: “ಹೆಂಗಿದೆ ಅಪ್ಪಾ?”

ಎರಡು ಉತ್ತರಗಳಿದ್ದವು. ಸೊಗಸಾಗಿದೆ ಎಂದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಅವಳಿಗೆ ತಪ್ಪಿಹೋದದ್ದು ಇನ್ನೂ ದೊಡ್ಡದಾಗುತ್ತಿತ್ತು. ಎಂಟು ತಿಂಗಳು ಕಾದವನಿಗೆ ನಿಜ ಹೇಳಲು ನಾಲಿಗೆ ಏಳುವುದಿಲ್ಲ. ಬಾಯಲ್ಲಿದ್ದದ್ದನ್ನು ಮೊದಲು ಕಷ್ಟಪಟ್ಟು ನುಂಗಿದೆ.

“ಬೆಂಡು ಕಣಮ್ಮ” ಎಂದೆ. “ಅಪ್ಪಟ ಬೆಂಡು.”

ಒಳಗೆ ಜಯ ನಗತೊಡಗಿದಳು. ಹಸಿ ಬಾಣಂತಿ ಹಾಗೆ ನಗಬಾರದು ಎಂದು ಗದರುತ್ತಾ ಒಳಗೆ ಹೋದ ಚೆನ್ನಮ್ಮನೂ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಈ ಗಲಾಟೆಗೆ ಮಗು ಎಚ್ಚರವಾಗಿ ಅತ್ತಿತು. ಚೆನ್ನಮ್ಮ ಅದನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಬಿಸಿಯಾಗಿ, ಹಗುರವಾಗಿ ಇತ್ತು. ಅಳು ನಿಲ್ಲಿಸಿ ನನ್ನ ಬೆರಳು ಹಿಡಿದುಕೊಂಡಿತು. ನಾನು ಬಹಳ ಹೊತ್ತು ಅದರ ಮುಖವನ್ನೇ ನೋಡಿದೆ. ಆ ಗಳಿಗೆಯಲ್ಲಿ ನನಗೆ ಇನ್ನೇನೂ ಬೇಕಿರಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ. ಆದರೆ ನಾನು ಆಡಿದ ಮಾತಿಗೆ ಇಬ್ಬರು ಸಾಕ್ಷಿಗಳಿದ್ದಾರೆ.

“ಹಣೆ ನೋಡೆ ಎಷ್ಟು ಅಗಲ! ಇವನನ್ನ ಬೆಂಗಳೂರಿನ ಕಾಲೇಜಿಗೇ ಹಾಕ್ಬೇಕು. ಇಪ್ಪತ್ತೈದಕ್ಕೆಲ್ಲ ಅಮಲ್ದಾರ ಆಗಿರ್ತಾನೆ.”

ಜಯ ಕೋಣೆಯೊಳಗಿಂದಲೇ ಎರಡೂ ಕೈ ಚಾಚಿದಳು. “ಅಪ್ಪಾ, ಅವನಿಗಿನ್ನೂ ಹೆಸರೇ ಇಟ್ಟಿಲ್ಲ. ಕೊಡಿಲ್ಲಿ, ಹಾಲು ಕುಡೀಲಿ.”