ಅಕ್ಕಯಮ್ಮನ ಅವರೆಕಾಳಿಗೆ ರೆಕ್ಕೆ ಬಂದದ್ದು

ಮಾಗಿಯ ಇಬ್ಬನಿ ಆಗಷ್ಟೇ ಕರಗಿತ್ತು. ಅವರೆಯ ಸೊಗಡು ಊರ ತುಂಬ ಹಬ್ಬಿತ್ತು. ಅಕ್ಕಯಮ್ಮನ ನಡುಮನೆಯಲ್ಲಿ ಐದಾರು ಹೆಂಗಸರು ಚಾಪೆಯ ಮೇಲೆ ಕೂತು, ನೆನೆದ ಅವರೆಕಾಳಿನ ಬುಟ್ಟಿಯನ್ನು ನಡುವೆ ಎಳೆದುಕೊಂಡಿದ್ದರು. ಕಾಳನ್ನು ಬೆರಳ ನಡುವೆ ಹಿಚುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಈಚೆ ಬೀಳಬೇಕು. ಇದು ಮುಯ್ಯಿ ಕೆಲಸ. ಇಂದು ನಿನ್ನ ಕಾಳಿಗೆ ನನ್ನ ಬೆರಳು, ನಾಳೆ ನನ್ನ ಕಾಳಿಗೆ ನಿನ್ನ ಬೆರಳು. ಅಕ್ಕಯಮ್ಮ ಎಲ್ಲರ ಮನೆಗೂ ಹೋಗಿ, ಉಗುರು ಕಪ್ಪಾಗುವಷ್ಟು ಹಿಚುಕಿ ಬಂದಾಗಿತ್ತು. ಸಂಜೆ ಅವಳ ಬೀಗರು ಹಿತಕಿದ ಬೇಳೆ ಸಾರು ಉಣ್ಣಲೆಂದೇ ಬರುವವರಿದ್ದರು. ಊರಿನವರು ಅವಳ ಮುಯ್ಯಿ ತೀರಿಸಬೇಕಾದ ದಿನ ಇದು.

ಮೊದಲ ಹಿಡಿ ಬೇಳೆ ಬೀಳುವ ಮುಂಚೆಯೇ ಪಕ್ಕದ ಮನೆಯ ಚಿಕ್ಕಪಾಪಮ್ಮ ಥೂ ಥೂ ಎಂದು ಉಗುಳಿದಳು.

“ಏನಮ್ಮ ಅಕ್ಕಯಮ್ಮ, ಬಾಯಿ ಬಿಟ್ರೆ ನೊರಜು! ಕಾಳು ಹಿಚುಕಕ್ಕೆ ಕರೆದ್ಯಾ, ಹುಳ ತಿನ್ನಕ್ಕೆ ಕರೆದ್ಯಾ?”

ಕಿಟಕಿಯ ಸಾಲಿನಲ್ಲಿ ಅಕ್ಕಯಮ್ಮ ಕುಂಡಗಳಲ್ಲಿ ಮನಿಪ್ಲಾಂಟು, ಕ್ರೋಟನ್ನು ಬೆಳೆಸಿದ್ದಳು. ಅವರೆಯ ಸಿಪ್ಪೆ, ಕಾಳು ನೆನೆಸಿದ ನೀರು ಎಲ್ಲವನ್ನೂ ಗೊಬ್ಬರವೆಂದು ಅವಕ್ಕೇ ಸುರಿಯುತ್ತಿದ್ದಳು. ಗಿಡ ಕೊಬ್ಬಲಿಲ್ಲ, ಕೊಳೆತ ಮಣ್ಣಲ್ಲಿ ಹುಟ್ಟಿದ ಪುಟ್ಟ ಕರಿ ನೊರಜುಗಳು ಮಾತ್ರ ಕೊಬ್ಬಿ ಮೂಗು, ಕಿವಿ, ಕಾಫಿ ಲೋಟ ಅನ್ನದೆ ಹಾರಾಡತೊಡಗಿದ್ದವು.

“ತಡಿಯಮ್ಮ, ಅದಕ್ಕೇ ನಮ್ಮ ಪಿಳ್ಳಪ್ಪ ಮಿಷನ್ ಮಾಡವ್ನೆ!” ಅಂದಳು ಅಕ್ಕಯಮ್ಮ.

ಪಿಳ್ಳಪ್ಪ ಅವಳ ಮೈದುನ. ಸುಟ್ಟ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವುದು ಅವನ ಕಸುಬು. ಮದುವಣಿಗನಂತೆ ಬಂದು, ತಾಮ್ರದ ತಂತಿ ಸುತ್ತಿದ ಹಾಲಿನ ಕ್ಯಾನೊಂದನ್ನು ಕುಂಡಗಳ ಮುಂದೆ ಇಟ್ಟ.

“ಒದ್ದೆಯೊಳಗೆ ಅವಿತಿರೋ ಯಾವ ಜೀವವೇ ಆಗ್ಲಿ, ಇದರ ನಡುಕ ತಗುಲಿದ್ರೆ ಈಚೆ ಬಂದೇ ಬರ್ಬೇಕು! ನೋಡ್ತಿರಿ ಅತ್ತಿಗೆ!”

ಗುಂಡಿ ಒತ್ತಿದ. ಕ್ಯಾನು ಗುಂಯ್ ಎಂದಿತು. ಮಣ್ಣಿನಿಂದ ನೊರಜುಗಳು ಕರೀ ಹೊಗೆಯಂತೆ ಎದ್ದವು. ಹೆಂಗಸರು ಚಪ್ಪಾಳೆ ತಟ್ಟಿದರು. ಅವುಗಳ ಹಿಂದೆಯೇ ಎರೆಹುಳುಗಳು ಕುಂಡದ ಅಂಚಿಗೆ ಹತ್ತಿ ಸಾಲಾಗಿ ತಲೆಯೆತ್ತಿ ನಿಂತವು. ಆಮೇಲೆ ಕ್ರೋಟನ್ ಗಿಡವೇ ಬೇರು ಕೊಡವಿಕೊಂಡು ಮೇಲೆದ್ದು, ಕುಂಡದ ಅಂಚಿನ ಮೇಲೆ ಕೂತಿತು!

“ಅಯ್ಯೋ, ನನ್ನ ಗಿಡ! ಪಿಳ್ಳಪ್ಪ, ಈ ನೊರಜನ್ನ ಹಿಡಿಯೋದು ಯಾವಾಗ?”

“ಹಿಡಿಯೋ ಮಿಷನ್ ಬೇರೆ ಅತ್ತಿಗೆ. ಅದನ್ನ ಯುಗಾದಿಗೆ ಮಾಡ್ತೀನಿ.”

“ಯುಗಾದಿಗಾ! ಅಲ್ಲೀವರೆಗೂ ಬೀಗರ ಮೂಗಿಗೆ ಬಟ್ಟೆ ಕಟ್ಲಾ?”

ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದೇಬಿಟ್ಟರು. ಕಾಳು ಬುಟ್ಟಿಯಲ್ಲಿ ಹಾಗೇ ಇತ್ತು. ಅಕ್ಕಯಮ್ಮನಿಗೆ ಮೈಯೆಲ್ಲ ಉರಿಯಿತು.

“ಎಲ್ಲಿದ್ದವೋ ಅಲ್ಲಿಗೇ ತುರುಕೋ ಅವನ್ನ!”

ಪಿಳ್ಳಪ್ಪ ಕ್ಯಾನಿನ ಪಕ್ಕದಲ್ಲಿದ್ದ ತಿರುಗಣೆ ಹಿಡಿಯನ್ನು ಉಲ್ಟಾ ತಿರುಗಿಸಿದ. ಕ್ರೋಟನ್ ಕುಂಡಕ್ಕೆ ಇಳಿಯಿತು. ಎರೆಹುಳುಗಳು ಮಣ್ಣಿಗೆ ಇಳಿದವು. ನಡುಮನೆಯ ತುಂಬ ಇದ್ದ ನೊರಜುಗಳು ಮಾತ್ರ ತಮಗೆ ಹತ್ತಿರದ ಒದ್ದೆಯನ್ನೇ ಹುಡುಕಿದವು. ಪುಳಕ್, ಪುಳಕ್ ಎಂದು ಒಂದೊಂದೇ ನೊರಜು ಒಂದೊಂದೇ ಅವರೆಕಾಳಿನ ಸಿಪ್ಪೆಯೊಳಗೆ ತೂರಿಕೊಂಡಿತು.

ಮನೆ ಸ್ವಚ್ಛ! ಹೆಂಗಸರು ನಗುತ್ತಾ ಮತ್ತೆ ಕೂತರು. ಚಿಕ್ಕಪಾಪಮ್ಮ ಒಂದು ಕಾಳು ಹಿಡಿದು ಹಿಚುಕಹೋದಳು. ಕಾಳು ಅವಳ ಬೆರಳಿಂದ ನುಣುಚಿ ಮೇಲಕ್ಕೆ ಹಾರಿತು.

“ಅವ್ವಯ್ಯಾ! ಕಾಳಿಗೆ ರೆಕ್ಕೆ ಬಂದೈತೆ ಕಣ್ರೇ!”

ಬುಟ್ಟಿ ಜೇನುಗೂಡಿನಂತೆ ಮೊರೆಯಿತು. ಕಾಳುಗಳೆಲ್ಲ ಒಟ್ಟಿಗೆ ಎದ್ದು, ತೊಲೆಗೆ ಬಡಿದು, ಪಿಳ್ಳಪ್ಪನ ಬೋಳುತಲೆಗೆ ಟಕಟಕನೆ ಕುಕ್ಕಿ, ಕಿಟಕಿಯತ್ತ ತಿರುಗಿದವು. ಒಳಗಿದ್ದ ನೊರಜುಗಳಿಗೆ ತಮ್ಮ ಮನೆ ಗೊತ್ತಿತ್ತು. ನೋಡನೋಡುತ್ತ ಬುಟ್ಟಿಯ ಕಾಳುಗಳೆಲ್ಲ ಕುಂಡಗಳ ಮಣ್ಣು ಹೊಕ್ಕು ಮರೆಯಾದವು. ಮಿಷನ್ ಚಟ್ ಎಂದು ಸುಟ್ಟು ನಿಂತಿತು.

“ನೊರಜು ಹೋಯ್ತಲ್ಲ ಅತ್ತಿಗೆ?” ಅಂದ ಪಿಳ್ಳಪ್ಪ, ತಲೆ ಸವರಿಕೊಳ್ಳುತ್ತಾ.

“ನನ್ನ ಸಾರೂ ಹೋಯ್ತು!”

ಹೆಂಗಸರು ಸೀರೆ ಕೊಡವಿ ಹೊರಟರು. ಅಕ್ಕಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗೆ? ನನ್ನ ಮುಯ್ಯಿ ಯಾರು ತೀರಿಸ್ತಾರೆ? ಒಬ್ಬೊಬ್ಬರೂ ಮನೆಯಿಂದ ಒಂದೊಂದು ಪಾವು ಬೇಳೆ ತನ್ನಿ!”

“ಅದೆಲ್ಲಾದ್ರೂ ಉಂಟೇನಮ್ಮ? ಮುಯ್ಯಿ ಬೆರಳಿಂದು, ಬೇಳೇದಲ್ಲ,” ಅಂದಳು ಚಿಕ್ಕಪಾಪಮ್ಮ.

“ಹಂಗಾದ್ರೆ ಬೆರಳಲ್ಲೇ ಹಿಚುಕ್ರಿ!”

“ಕಾಳೆಲ್ಲೈತೆ ಹಿಚುಕಕ್ಕೆ?” ಚಿಕ್ಕಪಾಪಮ್ಮ ಕುಂಡಗಳತ್ತ ಒಮ್ಮೆ ನೋಡಿ ಹೊಸಿಲು ದಾಟಿದಳು. “ಬಿತ್ತನೆಯಂತೂ ಆಯ್ತು. ಕಾಯಿ ಬಿಟ್ಟಾಗ ಹೇಳಿ ಕಳ್ಸು, ಬಂದು ತೀರಿಸ್ತೀವಿ.”