ಎರಡು ಆಡು, ಏಳು ಆಡು

ತಮ್ಮ ನೆನಪಿನ ಶಕ್ತಿ ಚೆನ್ನಾಗಿದೆ ಎಂದು ಹೇಳಿಕೊಳ್ಳುವವರನ್ನು ನಾನು ನಂಬುವುದಿಲ್ಲ. ಹೀಗೆ ನಂಬದಿರುವುದನ್ನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಲಿಸಿ, ಅದಕ್ಕೊಂದು ಪದವಿಯನ್ನೂ ಕೊಟ್ಟರು. ಯಾರು ಬರೆದರು, ಯಾವಾಗ ಬರೆದರು, ಆಗ ಅವರು ಎಲ್ಲಿದ್ದರು ಎಂದು ಕೇಳದೆ ನಾನು ಮದುವೆಯ ಕರೆಯೋಲೆಯನ್ನೂ ಪೂರ್ತಿ ಒಪ್ಪುವವನಲ್ಲ. ಈ ಪ್ರಶ್ನೆಗಳನ್ನು ಕಂಡವರಿಗೆಲ್ಲ ಕೇಳಿದ್ದೇನೆ, ನನ್ನೊಬ್ಬನನ್ನು ಬಿಟ್ಟು.

ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ನಾನೊಂದು ಪಾಠ ನಡೆಸುತ್ತೇನೆ: ಪ್ರಾಚೀನ ಹೀಬ್ರೂ ಧರ್ಮಗ್ರಂಥಗಳ ಇತಿಹಾಸ ಪರಿಚಯ. ಹಂಪಿಯ ಪಕ್ಕ ಕೂತು ಬಾಬಿಲೋನಿನ ಮಾತೇಕೆ ಎನ್ನುವವರಿದ್ದಾರೆ. ಹಾಳಾದ ರಾಜಧಾನಿಯ ಕಲ್ಲುಗಳ ನಡುವೆ ಬೆಳೆದವನಿಗೆ, ರಾಜಧಾನಿ ಹಾಳಾದ ಮೇಲೆ ಬಾಬಿಲೋನಿಗೆ ಸೆರೆಹೋದ ಹೀಬ್ರೂ ಜನ ತಮ್ಮ ಕಥೆಗಳನ್ನು ಕೂಡಿಹಾಕಿ ಉಳಿಸಿಕೊಂಡದ್ದು ದೂರದ ಸಂಗತಿ ಅನ್ನಿಸುವುದಿಲ್ಲ. ಬರುವವರು ಐದಾರು ಮಂದಿ. ಮುಂದಿನ ಕುರ್ಚಿ ದೇವದಾಸಪ್ಪನವರದು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ ನೇರ ನನ್ನ ಸಂಶಯಗಳಿಗೆ ಬರುತ್ತಾರೆ. ಯಾವ ನಿಲ್ದಾಣ ಎಷ್ಟು ಹೊತ್ತಿಗೆ ಬಿಟ್ಟೆವು ಎಂದು ಜೀವಮಾನವೆಲ್ಲ ಬರೆದ ಕೈ ಈಗ ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತದೆ, ಹೊತ್ತಿನ ಸಮೇತ.

ನಾನು ಹೆಚ್ಚು ಹುರುಪಿನಿಂದ ಹೇಳುವುದು ಆ ಗ್ರಂಥಗಳಲ್ಲಿನ ಪ್ರಳಯದ ಕಥೆಯನ್ನು. ಒಂದೆಡೆ ಪ್ರತಿ ಜಾತಿಯಲ್ಲೂ ಎರಡೆರಡು ಪ್ರಾಣಿ ನಾವೆ ಹತ್ತಬೇಕು ಎಂದಿದೆ. ನಾಲ್ಕು ಸಾಲು ದಾಟಿದರೆ, ಆಡು, ಕುರಿಯಂಥ ಶುದ್ಧ ಪ್ರಾಣಿಗಳಾದರೆ ಏಳೇಳು ಎಂದಿದೆ. ಇಬ್ಬರು ಬೇರೆಬೇರೆ ಬರೆದದ್ದನ್ನು ಮೂರನೆಯವನು ಹೆಣೆದಿದ್ದಾನೆ ಎನ್ನುವುದು ಅನೇಕ ವಿದ್ವಾಂಸರ ಅಭಿಪ್ರಾಯ. ಒಂದು ಎಳೆಗೆ ಕೆಂಪು ಪೆನ್ಸಿಲ್, ಇನ್ನೊಂದಕ್ಕೆ ನೀಲಿ ಹಚ್ಚಿಸುತ್ತೇನೆ. ಹೆಣೆದವನು ಎಂಥ ಅಜಾಗರೂಕ, ತಿರುಗಿ ಒಮ್ಮೆ ಓದಿ ನೋಡಬಾರದಿತ್ತೆ ಎಂದು ನಗಿಸುತ್ತೇನೆ. ಆಮೇಲೆ, ಕಂಡವನ ಸಾಕ್ಷಿ ಹೇಗಿರುತ್ತದೆಂದು ತೋರಿಸಲು ನನ್ನದೇ ಕಥೆ: ಮದುವೆಯಾದ ಹೊಸತರಲ್ಲಿ ಒಬ್ಬನೇ ಕಂಪ್ಲಿಗೆ ಹೋಗಿದ್ದಾಗ ಡ್ಯಾಮಿನಿಂದ ನೀರು ಬಿಟ್ಟರು, ಸೇತುವೆ ಮುಳುಗಿತು, ಹೊಳೆ ಅತ್ತೆಯ ಮನೆಯೊಳಗೆ ನುಗ್ಗಿತು, ಎದೆಮಟ್ಟದ ನೀರಿನಲ್ಲಿ ನಾನು ಅವರ ಆಡುಗಳನ್ನು ಹೆಗಲ ಮೇಲೆ ಹೊತ್ತು ದಾಟಿಸಿದೆ.

ಹೋದ ತಿಂಗಳು ಕಥೆ ಮುಗಿಯುತ್ತಲೇ ದೇವದಾಸಪ್ಪ ಕೈ ಎತ್ತಿದರು. "ಸರ, ಸಿಟ್ಟಾಗಬ್ಯಾಡ್ರಿ. ಹ್ವಾದ ವರ್ಷ ಎರಡು ಆಡು ಅಂದಿದ್ರಿ. ಇವತ್ತು ಏಳು ಅಂದ್ರಿ."

"ಇರಾಕಿಲ್ಲ ಬಿಡ್ರಿ" ಎಂದೆ. ಅವರು ಪುಸ್ತಕ ತೆರೆದು ಎರಡೂ ಪುಟ ತೋರಿಸಿದರು. ಎರಡು ಆಡಿಗೆ ಹತ್ತು ಇಪ್ಪತ್ತು, ಏಳು ಆಡಿಗೆ ಹನ್ನೊಂದು ಐದು ಎಂದು ಹೊತ್ತು ಹಾಕಿದ್ದರು.

"ಶುದ್ಧ ಪ್ರಾಣಿ ಅಂತ ಹೆಚ್ಚಿಗಿ ಮಾಡಿದ್ರೇನ್ರಿ?" ಎಂದು ಹಿಂದಿನಿಂದ ಯಾರೋ ಅಂದರು. ಪಡಸಾಲೆಯೆಲ್ಲ ನಕ್ಕಿತು. ಅಡುಗೆಮನೆಯಿಂದ ನನ್ನ ಹೆಂಡತಿ ಗಿರಿಜೆಯ ನಗು ಎಲ್ಲರಿಗಿಂತ ತಡವಾಗಿ ಶುರುವಾಗಿ, ಎಲ್ಲರಿಗಿಂತ ತಡವಾಗಿ ನಿಂತಿತು.

ಮುಂದಿನ ವಾರ ಖಚಿತವಾಗಿ ಹೇಳುತ್ತೇನೆಂದು ಪಾಠ ಮುಗಿಸಿದೆನೇ ಹೊರತು ಆ ವಾರ ಕೂತಲ್ಲಿ ಕೂರಲಾಗಲಿಲ್ಲ. ಪೇಪರ್ ಹಿಡಿದರೆ ಆಡು, ಸ್ನಾನಕ್ಕೆ ನಿಂತರೆ ಆಡು. ಕಣ್ಣು ಮುಚ್ಚಿ ಎಣಿಸಿದರೆ ಒಮ್ಮೆ ಎರಡು, ಒಮ್ಮೆ ಏಳು. ಒಂದಕ್ಕೆ ಬಿಳಿ ಕಿವಿ ಇದ್ದದ್ದು ಸ್ಪಷ್ಟವಾಗಿ ಕಂಡಿತು. ಇನ್ನೂ ದಿಟ್ಟಿಸಿದರೆ ಆ ಕಿವಿ ನಾನು ಸಂಡೂರಿನಲ್ಲಿ ಕೆಲಸಕ್ಕಿದ್ದಾಗಿನ ನೆರೆಮನೆಯ ನಾಯಿಯದು. ಪಾಠದಲ್ಲಿ ಮಾನ ಹೋಗುವುದಿರಲಿ, ಹೆದರಿಕೆಯಾದದ್ದು ಬೇರೆಯದಕ್ಕೆ. ಇಷ್ಟು ಸಲ ಹೇಳಿದ ಕಥೆಯೇ ಹೀಗಾದರೆ, ಒಮ್ಮೆಯೂ ಹೇಳದೆ ಒಳಗಿಟ್ಟುಕೊಂಡವುಗಳ ಗತಿಯೇನು?

"ಎಷ್ಟು ಆಡಿದ್ವು, ಗಿರಿಜಾ?"

"ನಾನು ಕೇಳಿದಾಕಿ ಅಷ್ಟ. ಕಂಡಾಕಿ ನಮ್ಮವ್ವ. ಸಾಕ್ಷಿ ಬೇಕಂದ್ರ ಕಂಪ್ಲಿಗೆ ಹೋಗ್ರಿ" ಎಂದಳು. ಇಷ್ಟು ವರ್ಷ ಒಗ್ಗರಣೆಯ ಸದ್ದಿನ ನಡುವೆಯೂ ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಕಲಿತಿದ್ದಾಳೆ.

ಹೋದೆ. ಬಸ್ಸಿನಲ್ಲಿ ನಾನು ಮೂರು ಸಲ ಸೀಟು ಬದಲಿಸಿದ್ದು ಕಂಡು ಕಂಡಕ್ಟರ್, "ಯಜಮಾನ್ರ, ಒಂದ್ಕಡಿ ಕುಂದ್ರಿ, ಕಂಪ್ಲಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದ. ಅತ್ತೆ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ನೀರು ಕುಡಿಯುವ ಮೊದಲೇ ಕೇಳಿದೆ: "ಅತ್ತಿ, ಆ ವರ್ಷ ಹೊಳಿ ಬಂದಾಗ ನಾನು ಎಷ್ಟು ಆಡು ಹೊತ್ತಿದ್ದೆ?"

"ಆಡಾ? ನಮ್ಮನಿಯಾಗ ಆಡು ಯಾವಾಗಿದ್ವು ಅಳಿಯಂದ್ರ? ಒಂದು ಎಮ್ಮಿ ಇತ್ತು. ಅದು ತಾನ ಈಜಿಕೆಂತ ಹೋತು."

"ಮತ್ತ ನಾನು ಏನು ಹೊತ್ತಿದ್ದೆ?"

ಅತ್ತೆ ಮೊರ ಕೆಳಗಿಟ್ಟರು. "ನೀವು ಹೊರಲಿಲ್ಲಪ್ಪ. ನಿಮ್ಮನ್ನ ನಮ್ಮ ಆಳುಮಗ ಬಸವ ಹೆಗಲ ಮ್ಯಾಲ ಹೊತ್ತು ದಾಟಿಸಿದ. ಹೊಸ ಅಳಿಯ, ಕಾಲು ಕೆಸರಾಗಬಾರದು ಅಂತ ನಾನ ಹೇಳಿದ್ದೆ. ಚಪ್ಲಿ ಕೈಯಾಗ ಹಿಡ್ಕಂಡು ಕುಂತಿದ್ರಿ. ಭಾಳ ಚೀರಿದ್ರಿ ಬಿಡ್ರಿ."

"ಎದಿಮಟ್ಟ ನೀರಿತ್ತಲ್ಲ?"

"ಮೊಣಕಾಲಮಟ್ಟ."

ನನ್ನೊಳಗಿನ ವಿದ್ಯಾರ್ಥಿ ಎದ್ದು ಕೂತ. ಮೊಣಕಾಲುದ್ದ ನೀರಿನಲ್ಲಿ ಎಮ್ಮೆ ಈಜುವುದು ಹೇಗೆ? ಇಲ್ಲೂ ಎರಡು ಎಳೆಗಳಿವೆ! ಜೇಬಿನಲ್ಲಿದ್ದ ಪೆನ್ಸಿಲ್ಲಿಗೆ ಕೈ ಹೋಯಿತು. ಬಾಯಿ ತೆರೆದೆ. ಅತ್ತೆ ಎದ್ದರು. "ಅವೆಲ್ಲ ಆಮ್ಯಾಲ. ಬಿಸಿ ರೊಟ್ಟಿ ಅದಾವ, ಕೈ ತೊಳಕಳ್ರಿ." ಕೈ ತೊಳೆದುಕೊಂಡೆ.

ಭಾನುವಾರ ಎಲ್ಲವನ್ನೂ ಇದ್ದದ್ದು ಇದ್ದಂತೆ ಒಪ್ಪಿಕೊಂಡೆ. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ದೇವದಾಸಪ್ಪ ನನ್ನ ಆಡುಗಳಿಗೆ ಕೆಂಪು, ಅತ್ತೆಯ ಎಮ್ಮೆಗೆ ನೀಲಿ ಹಚ್ಚಿ, "ಯಾವದನ್ನ ಹೊಡದು ಹಾಕ್ಲಿ ಸರ?" ಎಂದರು. ಅಡುಗೆಮನೆಯ ಬಾಗಿಲಲ್ಲಿ ಗಿರಿಜೆ ಸೌಟು ಹಿಡಿದು ನಿಂತಿದ್ದಳು.

"ಎರಡೂ ಇರಲಿ ಬಿಡ್ರಿ."

"ಹಂಗ ಎರಡೂ ಇಟ್ಟಾವನ್ನ ಅಜಾಗರೂಕ ಅಂತಿದ್ರಲ್ರಿ?"

"ಇಲ್ರಿ" ಎಂದೆ. "ಪಾಪ, ಅವನಿಗೂ ಎರಡೂ ಮನಿಯಾಗ ಊಟ ಇತ್ತು ಕಾಣ್ತದ."

ದೇವದಾಸಪ್ಪ ಗಡಿಯಾರ ನೋಡಿ ಅದನ್ನೂ ಬರೆದುಕೊಂಡರು. ಅತ್ತೆಯ ಮಾತೇ ನಿಜವಿರಬಹುದೆಂದು ಬುದ್ಧಿ ಒಪ್ಪುತ್ತದೆ. ಆದರೆ ಆ ಬಿಳಿ ಕಿವಿಯ ಆಡಿನ ತೂಕ ನನ್ನ ಎಡ ಹೆಗಲಿಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಬಸವನ ಹೆಗಲನ್ನು ಯಾರೂ ಕೇಳದಿದ್ದರೆ ಸಾಕು.